ಗುಂಡು ತುಂಬುವ ಮೇಜಿನಲ್ಲಿ ಮದ್ದು ಚೆಲ್ಲಿತಾ? ವ್ಯಾಕ್ಯೂಮ್ ಮುಟ್ಟುವ ಮೊದಲು ಇದನ್ನು ಓದಿ

ಅಮೆರಿಕದಲ್ಲಿ ಗ್ಯಾರೇಜಿನಲ್ಲಿ ಕೂತು ತಮ್ಮ ತೋಟಾ ತಾವೇ ತುಂಬಿಕೊಳ್ಳುವ ನಾಲ್ಕೈದು ಕನ್ನಡದ ಗೆಳೆಯರು ನನಗಿದ್ದಾರೆ. ಈ ಚಳಿಗಾಲದಲ್ಲಿ ಅವರಲ್ಲಿ ಮೂವರು ಫೋನ್ ಮಾಡಿದರು. ಮೂವರದೂ ಒಂದೇ ಗೋಳು: ಮದ್ದು ಚೆಲ್ಲಿದೆ. ಒಬ್ಬರು ವ್ಯಾಕ್ಯೂಮ್ ಹೊಡೆದಾದ ಮೇಲೆ ಫೋನ್ ಮಾಡಿದ್ದರು. ಇನ್ನೊಬ್ಬರು ನೀರು ಸುರಿದು "ಎಲ್ಲಾ ಸತ್ತುಹೋಯ್ತು ಬಿಡಿ" ಅಂದರು. ಮೂರನೆಯವರು ನೆಲದಿಂದ ಗುಡಿಸಿ ಮತ್ತೆ ಡಬ್ಬಿಗೇ ಹಾಕಿದ್ದರು. ಮೂರೂ ತಪ್ಪೇ. ಯಾರಿಗೂ ಏನೂ ಆಗಲಿಲ್ಲ, ಸದ್ಯ.

ನಾನೇನೂ ದೊಡ್ಡ ಜಾಣ ಅಲ್ಲ. ಎರಡು ವರ್ಷದ ಹಿಂದೆ ಮದ್ದು ತುಂಬಿಡುವ ನನ್ನ ಹಾಪರ್ ವಾಲಿ ಅರ್ಧ ಡಬ್ಬಿ ಮದ್ದು ನೆಲಕ್ಕೆ ಬಿತ್ತು. ಆರು ಅಡಿ ದೂರದಲ್ಲಿ ಗ್ಯಾಸ್ ವಾಟರ್ ಹೀಟರ್ ಇತ್ತು. ಅದರ ಪೈಲಟ್ ಜ್ವಾಲೆ ಉರಿಯುತ್ತಲೇ ಇತ್ತು. ನಾನು ಮಾತ್ರ ಪೊರಕೆ ಹುಡುಕುತ್ತಾ ನಿಂತಿದ್ದೆ. ಆ ಸಂಜೆ ಕಲಿತದ್ದು ಒಂದೇ: ಇಲ್ಲಿ ಗುಡಿಸುವುದು ಮೊದಲ ಕೆಲಸ ಅಲ್ಲ, ಕೊನೆಯ ಕೆಲಸವೂ ಅಲ್ಲ.

ಒಂದು ಮಾತು. ಇದು ಮನೆಯಲ್ಲಿ ತೋಟಾ ತುಂಬಲು ಕಾನೂನು ಒಪ್ಪುವ ಜಾಗದವರಿಗೆ ಬರೆದದ್ದು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

## ಮೊದಲೇ ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಚೆಲ್ಲಿದ ಮೇಲೆ ಹುಡುಕಿದರೆ ಕೈಗೆ ಸಿಗುವುದು ವ್ಯಾಕ್ಯೂಮ್ ಒಂದೇ. ಅದಕ್ಕೇ ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇವಿಷ್ಟು ಇಟ್ಟಿರಿ:

- ಮೆತ್ತನೆಯ ಬ್ರಶ್. ಕುದುರೆ ಕೂದಲಿನದ್ದಾದರೆ ಒಳ್ಳೆಯದು. ನೈಲಾನ್ ಬ್ರಶ್ಶಿಗೆ ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟುವ ವಿದ್ಯುತ್) ಜಾಸ್ತಿ.
- ನಾಲ್ಕೈದು ದಪ್ಪ ಕಾಗದದ ಹಾಳೆ. ಮಡಿಸಿದರೆ ಅದೇ ಮೊರ. ಅಲ್ಯೂಮಿನಿಯಂ ಮೊರವೂ ನಡೆಯುತ್ತದೆ.
- ನೀರಿನ ಸ್ಪ್ರೇ ಬಾಟಲಿ, ಹಳೆಯ ಹತ್ತಿ ಬಟ್ಟೆ.
- ಅಗಲವಾದ ಅಂಟು ಟೇಪು.
- ಎಲ್‌ಇಡಿ ಟಾರ್ಚು.
- ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ "ಚೆಲ್ಲಿದ ಮದ್ದು, ಬಳಸಬೇಡಿ" ಎಂದು ಮಾರ್ಕರ್‌ನಲ್ಲಿ ಬರೆದಿರಬೇಕು.
- ಕನ್ನಡಕ, ಕೈಗವಸು.

ಇದರಲ್ಲಿ ವ್ಯಾಕ್ಯೂಮ್ ಇಲ್ಲ. ಗಾಳಿ ಊದುವ ಸ್ಪ್ರೇ ಡಬ್ಬಿಯೂ ಇಲ್ಲ. ಕಂಪ್ಯೂಟರ್ ಕೀಬೋರ್ಡ್ ಊದಲು ಮಾರುವ ಆ ಡಬ್ಬಿಗಳಲ್ಲಿ ಹಲವದರ ಒಳಗಿರುವ ಅನಿಲಕ್ಕೇ ಬೆಂಕಿ ಹತ್ತುತ್ತದೆ. ಹತ್ತದಿದ್ದರೂ ಅದು ಮದ್ದನ್ನು ಮೇಜಿನ ಹಿಂದಕ್ಕೆ, ಪ್ಲಗ್ಗಿನ ಒಳಕ್ಕೆ ತಳ್ಳುತ್ತದೆ ಅಷ್ಟೇ.

## ಹಂತ 1: ಕಾಲು ಎತ್ತಬೇಡಿ

ಚೆಲ್ಲಿದ ಕೂಡಲೇ ನಾವು ಹಿಂದಕ್ಕೆ ಹಾರುತ್ತೇವೆ, ಇಲ್ಲವೇ ಬಗ್ಗಿ ಬಾಚುತ್ತೇವೆ. ಎರಡೂ ಬೇಡ. ನಿಂತಲ್ಲೇ ನಿಂತು ನೆಲ ನೋಡಿ. ಕಾಳು ಎಲ್ಲಿಯವರೆಗೆ ಹೋಗಿದೆ? ಅದರ ಮಧ್ಯೆ ಪ್ರೈಮರ್ (ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಬಿದ್ದಿದೆಯಾ? ಶೂ ತಳದ ಗೀರುಗಳಲ್ಲಿ ಸಿಕ್ಕಿಕೊಂಡ ಕಾಳು ನೇರ ಅಡುಗೆಮನೆಗೆ ಹೋಗುತ್ತದೆ. ತುಳಿದ ಪ್ರೈಮರ್ ಸಿಡಿಯಬಹುದು.

ಮಕ್ಕಳಿದ್ದರೆ, ನಾಯಿ ಇದ್ದರೆ ಬಾಗಿಲು ಹಾಕಿಸಿ. ನಾಯಿಯ ಮಾತು ಸುಮ್ನೆ ಹೇಳುತ್ತಿಲ್ಲ. ಡಬಲ್ ಬೇಸ್ ಅನ್ನುವ ಬಗೆಯ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಇರುತ್ತದೆ. ನಾಯಿ ನೆಕ್ಕಿದರೆ ಅದರ ರಕ್ತದೊತ್ತಡ ಕುಸಿಯಬಹುದು.

## ಹಂತ 2: ಬಿಸಿ ಇರುವುದನ್ನೆಲ್ಲ ಆರಿಸಿ

ಇದು ಗುಡಿಸುವುದಕ್ಕೆ ಮೊದಲೇ ಆಗಬೇಕು. ಪೈಲಟ್ ಜ್ವಾಲೆ, ರೂಮ್ ಹೀಟರ್, ಸೀಸ ಕರಗಿಸುವ ಪಾತ್ರೆ, ಕೇಸ್ (ತೋಟಾದ ಖಾಲಿ ಕವಚ) ಕಾಯಿಸುವ ಗ್ಯಾಸ್ ಟಾರ್ಚು, ಸಾಲ್ಡರಿಂಗ್ ಕಡ್ಡಿ, ಹಳೆಯ ಹ್ಯಾಲೊಜೆನ್ ದೀಪ, ಸಿಗರೇಟು, ಊದುಬತ್ತಿ. ಹೌದು, ಊದುಬತ್ತಿ ಕೂಡ. ಗ್ಯಾರೇಜಿನ ಗೂಡಲ್ಲಿ ದೇವರ ಪಟ ಇಟ್ಟವರು ನಮ್ಮಲ್ಲಿ ಇದ್ದಾರೆ. ಫ್ಯಾನು, ಕೇಸ್ ತಿಕ್ಕುವ ಟಂಬ್ಲರ್ ಕೂಡ ನಿಲ್ಲಲಿ.

ಈಗಿನ ತೋಟಾಗಳಿಗೆ ಹಾಕುವ ಹೊಗೆರಹಿತ ಮದ್ದಿನ ಮೂಲ ವಸ್ತು ನೈಟ್ರೋಸೆಲ್ಯುಲೋಸ್. ಅದು 160–170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಗ್ಗರಣೆ ಎಣ್ಣೆ ಅದಕ್ಕಿಂತ ಬಿಸಿ ಇರುತ್ತದೆ ಅಂದರೆ ಅಂದಾಜು ಸಿಗಬಹುದು.

ಇಲ್ಲಿ ಕೆಲವರು ಅತಿಯಾಗಿ ಹೆದರುತ್ತಾರೆ. ಊರಲ್ಲಿ ಸಿಲಿಂಡರ್ ಲೀಕ್ ಆದರೆ ಸ್ವಿಚ್ ಮುಟ್ಟಬಾರದು ಅಂತ ಕಲಿತಿದ್ದೇವೆ. ಅದನ್ನೇ ಇಲ್ಲಿಗೂ ತಂದು ಕತ್ತಲಲ್ಲಿ ತಡಕಾಡುತ್ತಾರೆ. ಮದ್ದು ಗ್ಯಾಸ್ ಅಲ್ಲ, ಕೋಣೆಯೆಲ್ಲ ತುಂಬಿಕೊಳ್ಳುವುದಿಲ್ಲ. ಬಿದ್ದಲ್ಲೇ ಬಿದ್ದಿರುತ್ತದೆ. ದೂರದ ಗೋಡೆಯ ಸ್ವಿಚ್ ಹಾಕಿ ಬೆಳಕು ಮಾಡಿಕೊಳ್ಳಿ. ಮದ್ದಿನ ರಾಶಿಯ ಪಕ್ಕದಲ್ಲೇ ಇರುವ ಪ್ಲಗ್ ಮಾತ್ರ ಕೀಳಬೇಡಿ.

ಚಳಿಗಾಲದಲ್ಲಿ ಹೀಟರ್ ಗಾಳಿ ಒಣಗಿರುತ್ತದೆ, ಬಾಗಿಲ ಹಿಡಿ ಮುಟ್ಟಿದರೂ ಚಟ್ ಅನ್ನುತ್ತದೆ. ಮದ್ದಿನ ಕಾಳಿಗೆ ಗ್ರ್ಯಾಫೈಟ್ ಲೇಪ ಇರುವುದರಿಂದ ಅಷ್ಟಕ್ಕೇ ಹೊತ್ತುವುದು ಅಪರೂಪ. ಆದರೂ ಉಣ್ಣೆ ಸ್ವೆಟರ್, ಫ್ಲೀಸ್ ಜಾಕೆಟ್ ಕಳಚಿ, ಹತ್ತಿ ಅಂಗಿಯಲ್ಲಿ ಕೆಲಸ ಮಾಡಿ. ಶುರು ಮಾಡುವ ಮುಂಚೆ ತೋಟಾ ತುಂಬುವ ಯಂತ್ರದ, ಅಂದರೆ ಪ್ರೆಸ್ಸಿನ, ಬಣ್ಣವಿಲ್ಲದ ಕಬ್ಬಿಣ ಒಮ್ಮೆ ಮುಟ್ಟಿ.

## ಹಂತ 3: ಚೆಲ್ಲಿದ್ದು ಯಾವ ಮದ್ದು?

ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ಡಬ್ಬಿಯ ಲೇಬಲ್ ಓದಿ, ಅಂದಾಜು ಮಾಡಬೇಡಿ.

ಹೊಗೆರಹಿತ ಮದ್ದು ಮೂರು ಆಕಾರದಲ್ಲಿ ಬರುತ್ತದೆ. ಬಾಲ್ ಪೌಡರ್ ರಾಗಿಯ ಹಾಗೆ, ಉರುಳಿ ಉರುಳಿ ಮೂಲೆ ಸೇರುತ್ತದೆ. ಫ್ಲೇಕ್ ಪುಡಿ ಮಾಡಿದ ಅವಲಕ್ಕಿಯ ಹಾಗೆ, ಹಗುರ, ಉಸಿರು ಬಿಟ್ಟರೂ ಸರಿಯುತ್ತದೆ. ಕಡ್ಡಿ ಮದ್ದು ಶಾವಿಗೆ ತುಂಡಿನ ಹಾಗೆ, ಗುಡಿಸಲು ಇದೇ ಸುಲಭ. ಬಯಲಲ್ಲಿ ಬೆಂಕಿ ತಗುಲಿದರೆ ಇವು ಸಿಡಿಯುವುದಿಲ್ಲ, ಭಗ್ಗನೆ ಉರಿಯುತ್ತವೆ. ಮುಚ್ಚಿದ ಜಾಗದಲ್ಲಿ ಮಾತ್ರ ಕಥೆ ಬೇರೆ.

ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಹಳೆಯ ಮಾದರಿಯ ಬಾಯಿಂದ ತುಂಬುವ ಕೋವಿಯವರ ಬಳಿ ಇರುತ್ತದೆ. ಇದು ನಿಜವಾದ ಸ್ಫೋಟಕ. ಒಂದು ಕಿಡಿ ಸಾಕು. ಒಣಗಿದ್ದಾಗ ಗುಡಿಸಲೇಬೇಡಿ, ಮೊದಲು ದೂರದಿಂದ ಮೆಲ್ಲಗೆ ನೀರು ಸಿಂಪಡಿಸಿ. ಪೂರ್ತಿ ಒದ್ದೆಯಾದ ಮೇಲೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಬಕೆಟ್ ನೀರಿಗೆ ಹಾಕಿ. ಪೈರೊಡೆಕ್ಸ್‌ನಂಥ ಬದಲಿ ಮದ್ದಿಗೂ ಇದೇ ಕ್ರಮ.

ನೀರಿನ ಗೊಂದಲ ಬರುವುದು ಇಲ್ಲೇ. ಕರಿಮದ್ದಿಗೆ ನೀರು ಬಿದ್ದರೆ ಪೆಟ್ಲುಪ್ಪು ಕರಗಿ ಹೋಗುತ್ತದೆ, ಮದ್ದು ಕೆಡುತ್ತದೆ. ಹೊಗೆರಹಿತ ಮದ್ದು ನೀರಿನಲ್ಲಿ ಕರಗುವುದಿಲ್ಲ. ಒದ್ದೆ ಇರುವಷ್ಟು ಹೊತ್ತು ಸುಮ್ಮನಿರುತ್ತದೆ, ಒಣಗಿದ ಮೇಲೆ ಮೊದಲಿನ ಹಾಗೇ ಉರಿಯುತ್ತದೆ. ನೀರು ಸುರಿದ ಗೆಳೆಯನ ಗ್ಯಾರೇಜಿನಲ್ಲಿ ಆದದ್ದು ಇಷ್ಟೇ: ಮದ್ದು ತೇಲಿಕೊಂಡು ಹೋಗಿ ಗೋಡೆ ಬುಡದಲ್ಲಿ ಸಾಲಾಗಿ ಕೂತು ಒಣಗಿತು.

## ಹಂತ 4: ಪ್ರೈಮರ್ ಬಿದ್ದಿದ್ದರೆ ಅದೇ ಮೊದಲು

ಮದ್ದನ್ನೂ ಪ್ರೈಮರನ್ನೂ ಒಟ್ಟಿಗೆ ಗುಡಿಸಬೇಡಿ. ಪ್ರೈಮರ್ ಹುಟ್ಟಿದ್ದೇ ಪೆಟ್ಟು ಬಿದ್ದರೆ ಕಿಡಿ ಕೊಡಲಿಕ್ಕೆ. ಟಾರ್ಚು ಹಿಡಿದು ಒಂದೊಂದನ್ನೇ ಕೈಯಲ್ಲಿ ಎತ್ತಿ ಬೇರೆ ಬಟ್ಟಲಿಗೆ ಹಾಕಿ, ಎಣಿಸಿ. ಒಂದು ಟ್ರೇಯಲ್ಲಿ 100 ಇರುತ್ತದೆ. 97 ಸಿಕ್ಕಿದರೆ ಉಳಿದ ಮೂರು ಕೋಣೆಯಲ್ಲೇ ಇವೆ. ಅವು ಸಿಗುವ ತನಕ ಗುಡಿಸುವುದು ಬೇಡ.

## ಹಂತ 5: ಗುಡಿಸುವ ಕ್ರಮ

ಮೇಲಿನಿಂದ ಕೆಳಕ್ಕೆ. ಮೊದಲು ಮೇಜು, ಆಮೇಲೆ ಕುರ್ಚಿ, ಕೊನೆಗೆ ನೆಲ. ನೆಲ ಮುಗಿಸಿ ಮೇಜಿಗೆ ಬಂದರೆ ನೆಲ ಮತ್ತೆ ಗುಡಿಸಬೇಕು.

ಹೊರ ಅಂಚಿನಿಂದ ನಡುವಿಗೆ, ಉದ್ದುದ್ದ ನಿಧಾನದ ಎಳೆತ. ಅಂಗಳ ಗುಡಿಸಿದ ಹಾಗೆ ಸರಸರ ಗುಡಿಸಿದರೆ ಫ್ಲೇಕ್ ಹಾರುತ್ತದೆ. ಅದರ ಜೊತೆಗೆ ಸೀಸದ ದೂಳೂ ಏಳುತ್ತದೆ. ಹಳೆಯ ಪ್ರೈಮರ್ ಕಸ ಬಿದ್ದಿರುವ ಮೇಜಿನಲ್ಲಿ ಸೀಸ ಇದ್ದೇ ಇರುತ್ತದೆ, ಅದನ್ನು ಉಸಿರಿಗೆ ಎಳೆದುಕೊಳ್ಳುವುದು ಬೇಡ.

ಜಾಸ್ತಿ ಬಿದ್ದಿದ್ದರೆ ಒಂದೇ ದೊಡ್ಡ ಗುಡ್ಡೆ ಮಾಡಬೇಡಿ. ಒಂದು ಹಿಡಿ ಆದಾಗಲೆಲ್ಲ ಕಾಗದದ ಮೊರಕ್ಕೆ ಎತ್ತಿ "ಬಳಸಬೇಡಿ" ಎಂದು ಬರೆದ ಡಬ್ಬಿಗೆ ಸುರಿಯಿರಿ. ಆ ಡಬ್ಬಿಯಲ್ಲಿ ಅರ್ಧದಷ್ಟು ನೀರಿರಲಿ. ಕಾರ್ಖಾನೆಗಳು ನೈಟ್ರೋಸೆಲ್ಯುಲೋಸನ್ನು ಸಾಗಿಸುವಾಗ ನೀರಿನಲ್ಲಿ ನೆನೆಸುವುದು ಇದೇ ಕಾರಣಕ್ಕೆ. ಮುಚ್ಚಳ ಬಿಗಿಯಬೇಡಿ, ಸುಮ್ಮನೆ ಮೇಲಿಡಿ.

ಕೊನೆಗೆ ದೀಪ ಆರಿಸಿ, ಟಾರ್ಚನ್ನು ನೆಲದ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ. ಒಂದೊಂದು ಕಾಳಿಗೂ ಉದ್ದ ನೆರಳು ಬೀಳುತ್ತದೆ. ನಿಂತು ನೋಡಿದಾಗ ಸ್ವಚ್ಛವಾಗಿ ಕಂಡ ನೆಲ ನಕ್ಷತ್ರ ತುಂಬಿದ ಆಕಾಶದ ಹಾಗೆ ಕಾಣುತ್ತದೆ. ಅವನ್ನು ಒದ್ದೆ ಬಟ್ಟೆ ಅಥವಾ ಟೇಪಿನಲ್ಲಿ ಎತ್ತಿ.

### ವ್ಯಾಕ್ಯೂಮ್ ಯಾಕೆ ಬೇಡ?

"ಸ್ವಲ್ಪವೇ ತಾನೇ" ಅನ್ನುವವರಿಗೆ ಇದು. ಅಮೆರಿಕದ ಮದ್ದುಗುಂಡು ತಯಾರಕರ ಸಂಸ್ಥೆ ಸಾಮಿ ಕೂಡ ಬ್ರಶ್ಶು, ಮೊರ ಬಳಸಿ, ವ್ಯಾಕ್ಯೂಮ್ ಬೇಡ ಅಂತಲೇ ಹೇಳುವುದು. ಪ್ಲಾಸ್ಟಿಕ್ ಕೊಳವೆಯಲ್ಲಿ ಕಾಳು ಉಜ್ಜಿಕೊಂಡು ಓಡುವಾಗ ಸ್ಟ್ಯಾಟಿಕ್ ಹುಟ್ಟುತ್ತದೆ. ಎಷ್ಟೋ ಮೋಟಾರುಗಳ ಕಾರ್ಬನ್ ಬ್ರಶ್ ತಿರುಗುವಾಗಲೆಲ್ಲ ಕಿಡಿ ಹಾರಿಸುತ್ತದೆ. ಅದರ ಪಕ್ಕದಲ್ಲೇ ಮುಚ್ಚಿದ ಚೀಲ, ಚೀಲದಲ್ಲಿ ಮನೆಯ ದೂಳು, ಕೂದಲು, ಈಗ ಮದ್ದು. ಬಯಲಲ್ಲಿ ಭಗ್ಗನೆ ಉರಿದು ಮುಗಿಯಬೇಕಾದ್ದು ಇಲ್ಲಿ ಮುಚ್ಚಿದ ಜಾಗದಲ್ಲಿ ಉರಿಯುತ್ತದೆ. ಅದೂ ನಿಮ್ಮ ಕೈಯಲ್ಲೇ.

ಈಗಾಗಲೇ ಎಳೆದುಬಿಟ್ಟಿದ್ದರೆ ಮತ್ತೆ ಆನ್ ಮಾಡಬೇಡಿ. ಪ್ಲಗ್ ಕಿತ್ತು ಹೊರಗೆ ಒಯ್ದು, ಚೀಲದೊಳಕ್ಕೆ ನೀರು ಸಿಂಪಡಿಸಿ ತೆಗೆಯಿರಿ. ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ.

## ಹಂತ 6: ಬಿರುಕು, ಕಾರ್ಪೆಟ್

ಕಾಂಕ್ರೀಟಿನ ಸೀಳು, ಮರದ ಹಲಗೆಗಳ ಸಂದು ಇವುಗಳಿಗೆ ಬ್ರಶ್ ಇಳಿಯುವುದಿಲ್ಲ. ಮರದ ಕಡ್ಡಿಯಿಂದ ಕೆದಕಿ, ಒದ್ದೆ ಕಾಗದ ಒತ್ತಿ ಎತ್ತಿ. ಸ್ಕ್ರೂಡ್ರೈವರ್ ಬೇಡ. ಕರಿಮದ್ದಾಗಿದ್ದರೆ ಕಬ್ಬಿಣ ಕಾಂಕ್ರೀಟಿಗೆ ಉಜ್ಜುವುದೇ ಅಪಾಯ.

ಕಾರ್ಪೆಟ್ ವಿಷಯಕ್ಕೆ ಬಂದರೆ, ಅದು ದೊಡ್ಡ ತಲೆನೋವು. ಬಿಡಿ ಕಂಬಳಿಯಾದರೆ ಅಂಚುಗಳನ್ನು ಒಳಕ್ಕೆ ಮಡಿಸಿ ಹೊರಗೆ ಒಯ್ದು, ಹಳೆಯ ಬೆಡ್‌ಶೀಟಿನ ಮೇಲೆ ಮಗುಚಿ ಮೆಲ್ಲಗೆ ತಟ್ಟಿ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ಟಾದರೆ ಎಳೆ ವಾಲಿದ ಕಡೆಗೇ ಬ್ರಶ್ ಎಳೆಯಿರಿ. ಉಜ್ಜಿದರೆ ಕಾಳು ಬುಡ ಸೇರುತ್ತದೆ. ಆಮೇಲೆ ಟೇಪು ಒತ್ತಿ ಕಿತ್ತು, ಒತ್ತಿ ಕಿತ್ತು. ಆಮೇಲೆ ಸೋಪು ನೀರಿನ ಬಟ್ಟೆ ಅದ್ದಿ ಒತ್ತಿ. ಒಣಗಿದ ಮೇಲೆ ಟಾರ್ಚು ಹಿಡಿದು ಮತ್ತೆ ನೋಡಿ. ಎರಡು ಸಲ ಮಾಡಿದರೂ ಕಾಳು ಸಿಗುತ್ತಿದೆ ಅಂದರೆ ಆ ತುಂಡು ಕಾರ್ಪೆಟ್ ಕತ್ತರಿಸಿ ತೆಗೆಯುವುದೇ ವಾಸಿ. ಬಾಡಿಗೆ ಮನೆಯವರಿಗೆ ಇದು ಕಷ್ಟ, ಗೊತ್ತು. ಅದಕ್ಕೇ ಕಾರ್ಪೆಟ್ ಇರುವ ಕೋಣೆಯಲ್ಲಿ ತೋಟಾ ತುಂಬಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಬೇರೆ ಜಾಗವೇ ಇಲ್ಲದಿದ್ದರೆ ಕೆಳಗೆ ವಿನೈಲ್ ಹಾಳೆ ಹಾಸಿಕೊಳ್ಳಿ.

## ಹಂತ 7: ಪ್ರೆಸ್ಸು, ತಕ್ಕಡಿ

ಹಾಪರ್ ಬಿಚ್ಚಿ. ಅದರೊಳಗೆ ಉಳಿದ ಮದ್ದು ನೆಲ ಮುಟ್ಟಿಲ್ಲ, ಡಬ್ಬಿಯ ಲೇಬಲ್ಲಿಗೆ ಹೊಂದುತ್ತದೆ ಅಂತ ಖಾತ್ರಿಯಿದ್ದರೆ ಮಾತ್ರ ಮೂಲ ಡಬ್ಬಿಗೆ ಹಾಕಬಹುದು. ರಾತ್ರಿಯಿಡೀ ಹಾಪರಿನಲ್ಲಿ ಬಿಡಬೇಡಿ. ಕೆಲವು ಮದ್ದು ಪ್ಲಾಸ್ಟಿಕ್ಕನ್ನು ಮಂಕು ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಅದು ಯಾವ ಮದ್ದು ಅನ್ನೋದೇ ಮರೆತಿರುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿಯ ಪ್ಲಗ್ ತೆಗೆದು ಕಾಗದದ ಮೇಲೆ ಬೋರಲು ಹಾಕಿ ತಟ್ಟಿ. ಪ್ರೆಸ್ಸಿನ ತಿರುಗುವ ತಟ್ಟೆಯ ಕೆಳಗೆ, ಪ್ರೈಮರ್ ಕೂರುವ ಗುಳಿಯಲ್ಲಿ ಕಾಳು ಸೇರಿಕೊಳ್ಳುತ್ತದೆ. ಅಲ್ಲಿಗೆ ಬ್ರಶ್ ಹಾಕುವ ಮೊದಲು ಪ್ರೈಮರ್ ಕೊಳವೆ ತೆಗೆದು ಪಕ್ಕಕ್ಕಿಡಿ. ಗ್ರೀಸಿಗೆ ಅಂಟಿದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಸಿಟೋನ್ ಬೇಡ. ಉಗುರುಬಣ್ಣದಲ್ಲೂ ಇರುವುದು ನೈಟ್ರೋಸೆಲ್ಯುಲೋಸೇ, ಅಸಿಟೋನ್ ಅದನ್ನು ಕರಗಿಸುವ ದ್ರವ. ಪ್ರೆಸ್ಸಿನ ಮೇಲೆ ಉರಿಯುವ ಅಂಟಿನ ಪದರ ಬಳಿದ ಹಾಗಾಗುತ್ತದೆ.

## ಹಂತ 8: ಗುಡಿಸಿದ್ದನ್ನು ಏನು ಮಾಡುವುದು?

ಮೂಲ ಡಬ್ಬಿಗೆ ವಾಪಸ್ ಹಾಕಬೇಡಿ. ಇದು ನಮ್ಮವರಿಗೆ ಒಪ್ಪಿಸುವುದೇ ಕಷ್ಟ. ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಹೆಕ್ಕುವ ಮನೆಗಳಲ್ಲಿ ಬೆಳೆದಿದ್ದೇವೆ, ಎಸೆಯಲು ಕೈ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಪೌಂಡ್ ಡಬ್ಬಿಯಲ್ಲಿ 7000 ಗ್ರೇನ್ (ಮದ್ದು ತೂಗುವ ಪುಟ್ಟ ಅಳತೆ). ಚೆಲ್ಲಿದ್ದು 100 ಗ್ರೇನ್ ಆದರೆ ಎಪ್ಪತ್ತರಲ್ಲಿ ಒಂದು ಪಾಲು, ಹಣದಲ್ಲಿ ಹೆಚ್ಚುಕಡಿಮೆ ಒಂದು ಡಾಲರ್. ಅದರ ಜೊತೆ ಮರಳು, ಪ್ರೈಮರ್ ಚೂರು, ಹೋದ ತಿಂಗಳು ಬಿದ್ದ ಇನ್ನೊಂದು ಮದ್ದು ಸೇರಿರಬಹುದು. ಬೇಗ ಉರಿಯುವ ಪಿಸ್ತೂಲು ಮದ್ದು ರೈಫಲ್ ಡಬ್ಬಿಗೆ ಬಿದ್ದರೆ ಹಾಳಾಗುವುದು ಡಾಲರ್ ಅಲ್ಲ, ಕೋವಿ ಮತ್ತು ಮುಖ.

ಟಾಯ್ಲೆಟ್, ಸಿಂಕ್ ಬೇಡ. ಕರಗದೆ ಕೊಳವೆಯ ತಿರುವಿನಲ್ಲಿ ಕೂರುತ್ತದೆ. ಅಡುಗೆಮನೆಯ ಕಸದ ಬುಟ್ಟಿಯೂ ಬೇಡ.

ಒಂದೆರಡು ಚಮಚದಷ್ಟಾದರೆ ಹುಲ್ಲಿನ ಮೇಲೆ ತೆಳ್ಳಗೆ ಚೆದುರಿಸುವುದು ಇಲ್ಲಿ ರೂಢಿ. ಸಾರಜನಕ ಇದೆ, ಗೊಬ್ಬರ ಆಗುತ್ತದೆ ಅನ್ನುತ್ತಾರೆ. ಮಕ್ಕಳು, ನಾಯಿ ಓಡಾಡದ ಜಾಗವಾದರೆ ನನಗೂ ಅಡ್ಡಿಯಿಲ್ಲ. ಗುಡ್ಡೆ ಹಾಕಬಾರದು ಅಷ್ಟೇ. ಅದಕ್ಕಿಂತ ಜಾಸ್ತಿ ಇದ್ದರೆ ಅಗ್ನಿಶಾಮಕ ಠಾಣೆಯ ಸಾಮಾನ್ಯ ನಂಬರಿಗೆ ಅಥವಾ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಫೋನ್ ಮಾಡಿ. ಕೇಳದೆ ಹೊತ್ತುಕೊಂಡು ಹೋಗಬೇಡಿ. ಎಷ್ಟೋ ಕೇಂದ್ರಗಳು ಮದ್ದು ತೆಗೆದುಕೊಳ್ಳುವುದಿಲ್ಲ, ಆಮೇಲೆ ಅದನ್ನು ಕಾರಿನಲ್ಲಿಟ್ಟುಕೊಂಡು ಊರು ಸುತ್ತಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದು, ಬಟ್ಟೆ ಬದಲಿಸಿ. ಆ ಬಟ್ಟೆ ಬೇರೆಯಾಗಿ ಒಗೆಯಿರಿ.

## ಈ ಲಕ್ಷಣ ಕಂಡರೆ ಗುಡಿಸುವುದು ನಿಲ್ಲಿಸಿ

- ಹುಳಿ, ಘಾಟು ವಾಸನೆ. ಒಳ್ಳೆಯ ಮದ್ದಿಗೆ ಸ್ಪಿರಿಟ್ಟಿನಂಥ ಹಗುರ ವಾಸನೆ ಇರುತ್ತದೆ. ಮೂಗಿಗೆ ಆಸಿಡ್ ಹೊಡೆದ ಹಾಗಾದರೆ ಮದ್ದು ಕೆಟ್ಟಿದೆ.
- ಕೆಂಪು-ಕಂದು ಹೊಗೆ, ತುಕ್ಕಿನ ಬಣ್ಣದ ಪುಡಿ, ಕಾಳು ಒಂದಕ್ಕೊಂದು ಅಂಟುವುದು. ಇವೂ ಅದೇ ಕಾಯಿಲೆ. ಕೆಟ್ಟ ಮದ್ದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಕೂಡಲೇ ನೀರಿನಲ್ಲಿ ಮುಳುಗಿಸಿ ಹೊರಗಿಡಿ.
- ಡಬ್ಬಿ ಮುಟ್ಟಿದರೆ ಬೆಚ್ಚಗಿರುವುದು. ಇದಕ್ಕೆ ಹೊರಗೆ ಬಂದು ಫೋನ್ ಮಾಡುವುದೇ ದಾರಿ.

ಬೆಂಕಿ ಹತ್ತಿದರೆ ಒಂದು ಮಾತು ನೆನಪಿರಲಿ: ಮದ್ದಿನೊಳಗೇ ಆಮ್ಲಜನಕ ಇದೆ. ಕಂಬಳಿ ಮುಚ್ಚಿದರೆ ಆರುವುದಿಲ್ಲ. ಒಂದು ಹಿಡಿ ಮದ್ದು ಕೆಲವೇ ಸೆಕೆಂಡಿನಲ್ಲಿ ತಾನೇ ಉರಿದು ಮುಗಿಯುತ್ತದೆ, ಆರಿಸಬೇಕಾದ್ದು ಅದರಿಂದ ಹೊತ್ತಿಕೊಂಡ ಕಾಗದ, ಪರದೆಯನ್ನು, ನೀರಿನಿಂದ. ಡಬ್ಬಿಗಳತ್ತ ಬೆಂಕಿ ಹೋಗುತ್ತಿದ್ದರೆ, ಅಥವಾ ಅದು ಕರಿಮದ್ದಾಗಿದ್ದರೆ ಏನನ್ನೂ ಉಳಿಸಲು ಹೋಗಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬಂದು 911ಕ್ಕೆ ಫೋನ್ ಮಾಡಿ. ಒಳಗೆ ಎಷ್ಟು ಮದ್ದಿದೆ, ಎಲ್ಲಿದೆ ಅಂತ ಬಂದವರಿಗೆ ಹೇಳಿ.

## ಹಂತ 9: ಮೇಜಿನ ಮೇಲಿರುವ ಕೇಸುಗಳು

ನೆಲ ಸ್ವಚ್ಛವಾಯಿತು ಅಂತ ನೇರ ಹ್ಯಾಂಡಲ್ ಎಳೆಯಲು ಕೂರುತ್ತೇವೆ. ಎಲ್ಲರೂ ಬಿಟ್ಟುಬಿಡುವ ಹಂತ ಇದೇ.

ಮದ್ದು ಚೆಲ್ಲಿದಾಗ ಕೈಯಲ್ಲಿ ಕೆಲಸ ನಡೆಯುತ್ತಿತ್ತು. ಯಾವ ಕೇಸಿಗೆ ಮದ್ದು ಬಿದ್ದಿತ್ತು, ಯಾವುದಕ್ಕೆ ಅರ್ಧ ಬಿತ್ತು, ಯಾವುದಕ್ಕೆ ಎರಡು ಸಲ ಬಿತ್ತು, ಈಗ ನೆನಪಿಲ್ಲ. 9 ಎಂಎಂ ತೋಟಾಕ್ಕೆ ಎಷ್ಟೋ ಸಲ 5 ಗ್ರೇನ್ ಆಸುಪಾಸಿನ ಮದ್ದು ಸಾಕು, ಒಂದು ಗ್ರಾಂನ ಮೂರನೇ ಒಂದು ಭಾಗ. ಎರಡು ಸಲ ಬಿದ್ದರೂ ಕೇಸು ತುಂಬಿ ಚೆಲ್ಲದೆ ಇರಬಹುದು. ಅದು ಕೋವಿ ಒಡೆಯಬಲ್ಲದು. ಕಡಿಮೆ ಬಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು.

ಹಾಗಾಗಿ ಬ್ಲಾಕಿನಲ್ಲಿ, ಅಂದರೆ ಕೇಸುಗಳನ್ನು ನಿಲ್ಲಿಸಿಡುವ ತೂತಿನ ಹಲಗೆಯಲ್ಲಿ, ಇರುವ ಎಲ್ಲ ಕೇಸುಗಳನ್ನೂ ಖಾಲಿ ಮಾಡಿ. ಒಂದೊಂದನ್ನೂ ಟಾರ್ಚಿನಲ್ಲಿ ನೋಡಿ. ತಕ್ಕಡಿಯನ್ನು ಮತ್ತೆ ಸೊನ್ನೆಗೆ ತಂದು, ತೂಕದ ಬಿಲ್ಲೆ ಇಟ್ಟು ಪರೀಕ್ಷಿಸಿ. ಮದ್ದು ಅಳೆದು ಬೀಳಿಸುವ ಸಾಧನದಿಂದ ಮೊದಲ ಹತ್ತು ಸಲ ಬಿದ್ದದ್ದನ್ನು ತೂಗಿ ನೋಡಿ. ಚೆಲ್ಲುವ ಸ್ವಲ್ಪ ಮೊದಲು ಗುಂಡು ಕೂರಿಸಿಟ್ಟ ತೋಟಾಗಳನ್ನೂ ಪಕ್ಕಕ್ಕಿಡಿ. ಅನುಮಾನ ಇದ್ದರೆ ಬಿಚ್ಚಿ. ತೋಟಾದಿಂದ ಗುಂಡು ಬಿಡಿಸುವ ಸುತ್ತಿಗೆ ಇಪ್ಪತ್ತು ಮೂವತ್ತು ಡಾಲರಿಗೆ ಸಿಗುತ್ತದೆ.

ಆ ಸಂಜೆ ನೆಲ ಗುಡಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಸಾಕಾಗಿ, ಬಿಚ್ಚೋದು ನಾಳೆ ನೋಡೋಣ ಅಂತ ಎದ್ದಿದ್ದೆ. ಏನೋ ಅನ್ನಿಸಿ ಮತ್ತೆ ಕೂತೆ. ಹಾಪರ್ ವಾಲುವ ಮೊದಲು ಗುಂಡು ಕೂರಿಸಿಟ್ಟಿದ್ದ ತೋಟಾ ಐವತ್ತು. ಬಿಚ್ಚುತ್ತಾ ಹೋದೆ. ನಲವತ್ತೊಂಬತ್ತರಲ್ಲಿ ಮದ್ದು ಸರಿಯಾಗಿತ್ತು, ಒಂದು ಖಾಲಿ.